ಫೋಟೋ ಬಂತು, ತಾರೀಖು ಎಲ್ಲಿ?

ನಮ್ಮ ಅಪ್ಪ ಪ್ರತಿ ಫೋಟೋದ ಬೆನ್ನಿಗೆ ಶಾಯಿಯಲ್ಲಿ ಊರು, ತಾರೀಖು, ನಿಂತವರ ಹೆಸರು ಬರೆದಿಡುತ್ತಿದ್ದರು. ಗಂಡಸರ ಹೆಸರು ಪೂರ್ತಿ. ಅವ್ವ, ಅತ್ತೆ, ಕಾಕು ಎಲ್ಲ ಸೇರಿ ಬರೀ ‘ಮನೆಯವರು’. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೂ ತಾರೀಖಾದರೂ ಇತ್ತಲ್ಲ ಅನ್ನಿಸುತ್ತದೆ ಈಗ.

ಅವ್ವನ ಕಡೆಯ ಎರಡು ವರ್ಷದ ಫೋಟೋಗಳು ನನ್ನ ಮೊಬೈಲಿನಲ್ಲಿದ್ದವು. ಹೊಸ ಮೊಬೈಲು ಕೊಂಡಾಗ ಮಗ, ‘ಅವ್ವಾ, ಎಲ್ಲಾ ಬಂದಾವ, ಒಂದೂ ಹೋಗಿಲ್ಲ’ ಎಂದ. ನಾನು ತೆರೆದೂ ನೋಡದೆ ಹಳೆಯದನ್ನು ಅಳಿಸಿ ಕೊಟ್ಟುಬಿಟ್ಟೆ. ಆಮೇಲೆ ನೋಡಿದರೆ ಕಾಗಿಣಾ ದಂಡೆಯ ಅವ್ವ, ಆಸ್ಪತ್ರೆ ಮಂಚದ ಅವ್ವ, ಮೊಮ್ಮಗಳ ಕುಬಸದಲ್ಲಿ ನಗುವ ಅವ್ವ, ಎಲ್ಲಕ್ಕೂ ಒಂದೇ ತಾರೀಖು. ಅದೂ ಅವಳು ತೀರಿ ಮೂರು ವರ್ಷವಾದ ಮೇಲಿನದು. ಕಾಲು ಮುರಿದ ಮೇಲೆ ಅವ್ವನನ್ನು ಹೊಸ್ತಿಲು ದಾಟಿಸಲಿಲ್ಲವೆಂದು ತಂಗಿಯ ದೂರು. ಹೊಳೆಗೆ ಕರೆದೊಯ್ದಿದ್ದೆನೆಂದು ನಾನು. ಸಾಕ್ಷಿ ಹೇಳಬೇಕಾದ ಫೋಟೋಕ್ಕೆ ಬಾಯಿಲ್ಲ.

ಆದಿತ್ಯನಗರದ ಹತ್ತಿರದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತೆಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಶಾಸನದಲ್ಲಿ ಶಕವರ್ಷ, ತಿಥಿ, ದಾನ ಕೊಟ್ಟವರ ಹೆಸರು ಕಲ್ಲಿನಲ್ಲೇ ಕೊರೆದಿರುತ್ತವೆ. ಮೊಬೈಲು ಕೂಡ ಹಾಗೆಯೇ ತಾರೀಖನ್ನು, ಅನುಮತಿ ಕೊಟ್ಟಿದ್ದರೆ ಜಾಗವನ್ನೂ ಫೋಟೋದೊಳಗೇ ಬರೆದಿಡುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಉದುರಿಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಉಳಿಯುತ್ತದೆ. ಇಷ್ಟು ತಿಳಿಯದೆ ಬಿಎ, ಬಿಇಡಿ ಮಾಡಿದ್ದೇನೆ ನೋಡಿ!

‘ಗೂಗಲಿನಲ್ಲಿ ಅದಾವ ಬಿಡ್ರಿ ಟೀಚರ್’ ಎನ್ನುವ ಗೆಳತಿಯರೇ, ನನ್ನ ಜಗಳ ನಿಮ್ಮ ಜೊತೆಗೇ. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು, ಪಿಕಾಸಾ 2016ರಲ್ಲಿ. ಗೂಗಲ್ ಫೋಟೋಸ್ 2015ರಲ್ಲಿ ಬೇಕಾದಷ್ಟು ಬಿಟ್ಟಿ ಜಾಗ ಕೊಟ್ಟಿತು. 2021ರ ಜೂನ್ 1ರಿಂದ ಹೊಸ ಫೋಟೋಗಳನ್ನೆಲ್ಲ 15 ಜಿಬಿಯ ಲೆಕ್ಕಕ್ಕೆ ತಂದಿತು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರಲ್ಲಿ ಬಂತು. ತೀರಿಹೋದವರು ಖಾತೆ ಬಳಸುತ್ತಾರೆಯೇ? ಬಾಡಿಗೆ ಮನೆಯ ಅಟ್ಟದಲ್ಲಿ ಬಂಗಾರ ಇಟ್ಟು ನಿಶ್ಚಿಂತೆಯಿಂದ ಮಲಗುತ್ತೀರಾ?

‘ಟೇಕೌಟ್’ ಎಂಬ ಸೌಲಭ್ಯದಿಂದ ನಮ್ಮದನ್ನು ನಾವು ಇಳಿಸಿಕೊಳ್ಳಬಹುದು. ಆಗ ಫೋಟೋದ ಜೊತೆ ಹೆಸರಿನ ಕೊನೆಗೆ ‘ಜೆ-ಎಸ್-ಒ-ಎನ್’ ಎಂದಿರುವ ಪುಟ್ಟ ಕಡತವೂ ಬರುತ್ತದೆ. ಕಸವೆಂದು ಎಸೆಯಬೇಡಿ. ನೀವು ಗೂಗಲ್ ಫೋಟೋಸಿನಲ್ಲಿ ಟೈಪು ಮಾಡಿದ ವಿವರ, ತಿದ್ದಿದ ತಾರೀಖು ಇರುವುದು ಅದರಲ್ಲಿ. ಎರಡನ್ನೂ ಕೂಡಿಸಿಯೇ ಹಾರ್ಡ್ ಡಿಸ್ಕಿಗೆ ಹಾಕಿ. ಇನ್ನೊಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲಿರಲಿ.

‘ಅದೆಲ್ಲ ನಮ್ಮನೆಯವರು ನೋಡ್ಕೋತಾರ್ರಿ’ ಎನ್ನಬೇಡಿ. ಪಹಣಿ, ಎಲ್‌ಐಸಿ ಬಾಂಡು ತಿಜೋರಿಯಲ್ಲಿಡುವ ಯಜಮಾನರನ್ನು ಮಗಳ ಕುಬಸದ ಫೋಟೋ ಎಲ್ಲಿವೆ ಎಂದು ಇವತ್ತೇ ಕೇಳಿ ನೋಡಿ.

ಈ ಬೇಸಿಗೆ ರಜೆಯಲ್ಲಿ ಅಪ್ಪನ ಆಲ್ಬಮ್ಮನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿದ್ದೇನೆ. ಹಾಗೆ ಹಿಡಿದರೆ ಇಂದಿನ ತಾರೀಖೇ ಬೀಳುವುದರಿಂದ ಬೆನ್ನಿನ ತಾರೀಖು ನೋಡಿ ತಿದ್ದಬೇಕು. ‘ಮನೆಯವರು’ ಎಂದಿದ್ದಲ್ಲೆಲ್ಲ ಹೆಸರು ಸೇರಿಸುತ್ತಿದ್ದೇನೆ. ಒಂದರಲ್ಲಿ ಕಂಬದ ಪಕ್ಕ ಸೆರಗು ಹೊದ್ದು ನಿಂತವಳು ಯಾರೋ. ತಂಗಿಗೂ ತಿಳಿಯಲಿಲ್ಲ.