ಹಗಲು ನಿದ್ದೆಗೂ ಒಂದು ನಿಯಮ ಬೇಕು

ಗಲ್ಫ್‌ನಲ್ಲಿ ಕೆಲಸ ಅಂದರೆ ನಾವು ಮೊದಲು ಕೇಳೋದು ಸಂಬಳ. ಆಮೇಲೆ "ಮನೆ ಕಂಪನಿಯೇ ಕೊಡುತ್ತೆ" ಅಂದರೆ ಮುಂದೆ ಏನೂ ಕೇಳೋದಿಲ್ಲ. ಕೇಳಬೇಕು ಅನ್ನೋದು ನಮ್ಮ ವಾದ.

ರುವೈಸ್ ಊರನ್ನೇ ನೋಡಿ. ಅಬುಧಾಬಿ ನಗರದಿಂದ ಪಶ್ಚಿಮಕ್ಕೆ ಸುಮಾರು 240 ಕಿ.ಮೀ. ದೂರದಲ್ಲಿ, ತೈಲ ಸಂಸ್ಕರಣಾಗಾರದ ಜೊತೆಗೇ ಬೆಳೆದ ಊರು. ಸ್ಥಾವರ 24 ಗಂಟೆಯೂ ನಡೆಯುತ್ತೆ. ಹಾಗಾಗಿ ಪಾಳಿ ಕೆಲಸದವರು ಎಷ್ಟೋ ದಿನ ಮಲಗೋದೇ ಹಗಲಿನಲ್ಲಿ.

ಕಾನೂನಿನ ಗಡಿಯಾರ ಮಾತ್ರ ಬೇರೆ. ಯುಎಇಯ 2006ರ 12ನೇ ಸಂಪುಟ ನಿರ್ಣಯದ ಪ್ರಕಾರ, ವಾಹನ ಸಂಚಾರ ಕಡಿಮೆಯಿರುವ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 40ರಿಂದ 50 ಡೆಸಿಬೆಲ್, ರಾತ್ರಿ 30ರಿಂದ 40. ಭಾರತದ 2000ದ ನಿಯಮಗಳಲ್ಲಿ ಇದು 55 ಮತ್ತು 45. ಹತ್ತು ಡೆಸಿಬೆಲ್ ಹೆಚ್ಚಾದರೆ ಶಬ್ದದ ತೀವ್ರತೆ ಹತ್ತು ಪಟ್ಟು ಅಂತ ನಾವೆಲ್ಲ ಓದಿದ್ದೇವೆ. ಎರಡೂ ದೇಶದ ಕಾನೂನು ಕಾಯೋದು ರಾತ್ರಿ ಮಲಗುವವರನ್ನೇ.

ಇನ್ನು ಬಾಡಿಗೆದಾರರ ಹಕ್ಕು. ದುಬೈನ 2007ರ 26ನೇ ಕಾನೂನು ಬಾಡಿಗೆದಾರರಿಗೆ ಸಾಕಷ್ಟು ರಕ್ಷಣೆ ಕೊಡುತ್ತೆ. ಆದರೆ ಬಾಡಿಗೆ ಪಡೆಯದೆ ನೌಕರರಿಗೆ ಕೊಟ್ಟ ಮನೆಗಳನ್ನು ಹೊರಗಿಟ್ಟಿದೆ. ಅಬುಧಾಬಿಯಲ್ಲೂ ಬಾಡಿಗೆ ಕರಾರು 'ತೌತೀಕ್' ವ್ಯವಸ್ಥೆಯಲ್ಲಿ ನೋಂದಣಿಯಾಗುತ್ತೆ. ಕರಾರಿನಲ್ಲಿ ನಮ್ಮ ಹೆಸರೇ ಇಲ್ಲದಿದ್ದರೆ ಯಾವ ಆಧಾರದ ಮೇಲೆ ಕೇಳೋದು? ದೂರು ಕೊಡಬೇಕಾದ್ದೂ ಸಂಬಳ ಕೊಡುವವರಿಗೇ. ಹಾಗಾಗಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಪ್ಪ" ಅನ್ನೋ ನಮ್ಮೂರ ಮಂತ್ರ ಅಲ್ಲಿಗೂ ಬರುತ್ತೆ.

"ಪುಕ್ಕಟೆ ಮನೆ, ಅದಕ್ಕೂ ತಕರಾರಾ?" ಅನ್ನಬಹುದು. ಪುಕ್ಕಟೆ ಅಲ್ಲ, ಅದು ದುಡಿಮೆಯ ಪ್ರತಿಫಲದ ಒಂದು ಭಾಗ. ನಿದ್ದೆಗೆಟ್ಟವರು ಕಂಟ್ರೋಲ್ ರೂಮಿನಲ್ಲಿ ಕೂತರೆ ಅಪಾಯ ಇಡೀ ಸ್ಥಾವರಕ್ಕೆ.

ಹಾಗಂತ ಮಧ್ಯಾಹ್ನ ಆಡುವ ಮಕ್ಕಳ ಬಾಯಿ ಮುಚ್ಚಿಸಿ ಅಂತ ನಾವು ಹೇಳುತ್ತಿಲ್ಲ. ಹಗಲು ಅವರದ್ದೂ ಹೌದು. ಅಕ್ಕಪಕ್ಕದವರು ಜಗಳವಾಡಿ ಬಗೆಹರಿಸುವ ವಿಷಯವೂ ಇದಲ್ಲ. ಮನೆ ಹಂಚುವವರೇ ಪಾಳಿಯವರಿಗೆ ಬೇರೆ ಬ್ಲಾಕ್ ಕೊಡಬಹುದು. ಗೋಡೆ ಕೊರೆಯುವ ಕೆಲಸಕ್ಕೆ ಸಮಯ ಗೊತ್ತುಮಾಡಿ, ಹಿಂದಿನ ದಿನವೇ ನೋಟಿಸ್ ಹಾಕಬಹುದು. ಇದಕ್ಕೇನೂ ದೊಡ್ಡ ಖರ್ಚಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳೋಣ: ಕರಾರು ಯಾರ ಹೆಸರಿನಲ್ಲಿದೆ? ಸದ್ದು ಮಾಡಬಾರದ ಸಮಯ ಯಾವುದು? ದೂರನ್ನು ಬರವಣಿಗೆಯಲ್ಲಿ ಯಾರಿಗೆ ಕೊಡಬೇಕು? ಸೇರಿದ ಮೇಲೆ ತೊಂದರೆಯಾದರೆ ದಿನಾಂಕ, ಹೊತ್ತು ಬರೆದಿಟ್ಟುಕೊಂಡು, ಒಬ್ಬೊಬ್ಬರೇ ಹೋಗದೆ ಒಂದೇ ಪಾಳಿಯವರೆಲ್ಲ ಸೇರಿ ಕೇಳೋಣ. ಸಂಬಳದ ಬಗ್ಗೆ ಚೌಕಾಸಿ ಮಾಡೋಕೆ ನಾಚದ ನಾವು ನಿದ್ದೆಯ ಬಗ್ಗೆ ಕೇಳೋಕೆ ಯಾಕೆ ನಾಚಬೇಕು?