ನೆಲದಡಿಯ ನಿಧಿ ಯಾರದು?

ಬೇಲಿಯ ಆಚೆ ನೆರೆಯವನು ಬಾವಿ ತೋಡಿ, ಈಚೆ ನಮ್ಮ ನೆಲದಡಿಯಲ್ಲಿರುವ ತೈಲವನ್ನೂ ಅನಿಲವನ್ನೂ ಸೆಳೆದುಕೊಂಡರೆ ಅದು ಕಳವೋ, ಹಕ್ಕೋ? ನೆಲದೊಡನೆ ತೈಲವೂ ಖಾಸಗಿ ಸ್ವತ್ತಾಗಬಲ್ಲ ಅಮೆರಿಕೆಯಲ್ಲಿ ಈ ಪ್ರಶ್ನೆ ನೂರು ವರ್ಷಗಳಿಗೂ ಮಿಗಿಲಾಗಿ ನ್ಯಾಯಾಲಯಗಳನ್ನು ಕಾಡಿದೆ.

ಕಲ್ಲಿದ್ದಲು ಇದ್ದಲ್ಲಿಯೇ ಇರುತ್ತದೆ, ತೈಲ ಹಾಗಲ್ಲ. ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿ ಅದುಮಿಕೊಂಡಿರುವ ಅದು ಒತ್ತಡ ಕುಗ್ಗಿದ ಕಡೆಗೆ ಹರಿಯುತ್ತದೆ. ಸರ್ವೇ ಕಲ್ಲನ್ನು ಅದು ಅರಿಯದು. 1889ರಲ್ಲಿ ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯವು ಇವನ್ನು ಕಾಡುಮೃಗಗಳಿಗೆ ಹೋಲಿಸಿತು: ಹಿಡಿದವನೇ ಒಡೆಯ. ನಷ್ಟಪಟ್ಟವನು ತಾನೂ ಬಾವಿ ತೋಡಿಕೊಳ್ಳಲೆಂದು 1907ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು.

ಮೇಲುನೋಟಕ್ಕೆ ಇದು ಸಮಾನತೆಯೇ. ಆದರೆ ಬಾವಿ ತೋಡುವಷ್ಟು ಬಂಡವಾಳ ಬಡ ಒಕ್ಕಲಿಗನಲ್ಲಿ ಎಲ್ಲಿಯದು? ಬಂಡವಾಳವಿದ್ದವರಾದರೂ ಸುಖಪಟ್ಟರೇ? 1930ರಲ್ಲಿ ಪೂರ್ವ ಟೆಕ್ಸಾಸಿನಲ್ಲಿ ತೈಲ ದೊರೆತಾಗ, ನೆರೆಯವನಿಗಿಂತ ಮೊದಲು ತಾವು ಹೀರಬೇಕೆಂದು ಜನ ಬಾವಿಯ ಪಕ್ಕದಲ್ಲಿ ಬಾವಿ ತೋಡಿದರು. ಬೆಲೆ ಪಾತಾಳಕ್ಕಿಳಿಯಿತು, 1931ರ ಆಗಸ್ಟಿನಲ್ಲಿ ಬಾವಿಗಳನ್ನು ಮುಚ್ಚಿಸಲು ಗವರ್ನರರು ಸೈನಿಕರನ್ನೇ ಕಳುಹಿಸಬೇಕಾಯಿತು. ಅವಸರದಿಂದ ಒತ್ತಡ ಕಳೆದುಕೊಂಡ ನಿಕ್ಷೇಪದಲ್ಲಿ ಎತ್ತಬಹುದಾಗಿದ್ದ ತೈಲವೂ ನೆಲದಲ್ಲೇ ಉಳಿದುಬಿಡುತ್ತದೆ. ಅನ್ಯಾಯವೂ ಅಪವ್ಯಯವೂ ಒಂದೇ ಬೇರಿನವು.

ಆ ಬಳಿಕ ಬಾವಿಗಳ ನಡುವೆ ಅಂತರ, ಉತ್ಪಾದನೆಗೆ ಮಿತಿ, ಇಡೀ ನಿಕ್ಷೇಪವನ್ನು ಒಂದೇ ಘಟಕವಾಗಿಸಿ ಪಾಲು ಹಂಚುವ ಕ್ರಮ ಇವೆಲ್ಲ ಬಂದವು. ಆದರೂ, ನೆರೆಯ ನೆಲದೊಳಕ್ಕೆ ನೇರವಾಗಿ ನುಗ್ಗದಿದ್ದರೆ ಬಂಡೆ ಸೀಳಿ ಅನಿಲ ತೆಗೆಯುವವರಿಗೂ ಹಳೆಯ ನಿಯಮವೇ ಅನ್ವಯಿಸುತ್ತದೆಂದು ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು.

ನೆಲದಡಿಯ ಚಲನೆಯನ್ನು ಅಳೆಯಲಾಗದೆಂಬುದು ಹಿಂದಿನವರ ಸಮರ್ಥನೆಯಾಗಿತ್ತು. ಇಂದು ಅದು ನಿಲ್ಲದು. ನಮ್ಮ ಕೃಷ್ಣಾ-ಗೋದಾವರಿ ಕಡಲ ತಳದಲ್ಲಿ ಒ.ಎನ್.ಜಿ.ಸಿ.ಯ ಪಾಲಿನಿಂದ ರಿಲಯನ್ಸಿನ ಪಾಲಿಗೆ ಸುಮಾರು 11 ಶತಕೋಟಿ ಘನ ಮೀಟರ್ ಅನಿಲ ಸರಿದಿದೆಯೆಂದು 2015ರಲ್ಲಿ ತಜ್ಞರು ಲೆಕ್ಕ ಹಾಕಿದರು. 2018ರಲ್ಲಿ ಪಂಚಾಯ್ತಿ ಮಂಡಳಿ ಕಂಪನಿಯ ಪರವಾಗಿ ತೀರ್ಪಿತ್ತಿತು. 2025ರ ಫೆಬ್ರವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಕಾನೂನಿನ ತೊಡಕು ಏನೇ ಇರಲಿ, ಅಳತೆ ಸಾಧ್ಯವೆಂಬುದು ಸ್ಪಷ್ಟ.

ನಮ್ಮಲ್ಲಿ ತೈಲದ ಒಡೆತನ ರೈತನದಲ್ಲ, ಪ್ರಭುತ್ವದ್ದು, ಎಂದರೆ ಪ್ರಜೆಗಳೆಲ್ಲರದು. ಆದುದರಿಂದ ಬಾವಿ ತೋಡುವ ಮುನ್ನವೇ ನಿಕ್ಷೇಪದ ಗಡಿ ಅಳೆದು ಪಾಲು ನಿರ್ಣಯಿಸುವುದು ಸರಕಾರದ ಕರ್ತವ್ಯ. ಹಿಡಿದವನೇ ಒಡೆಯನೆಂಬುದು ಬೇಟೆಯ ಕಾಡಿಗೆ ಒಪ್ಪೀತು, ನಾಗರಿಕ ಸಮಾಜಕ್ಕಲ್ಲ.