ಸಿಟಿ ಬಸ್ಸಿನಲ್ಲಿ ನೂಕುನುಗ್ಗಲು: ಬಸ್ಸು ಕಡಿಮೆಯೋ, ಹೊತ್ತು ತಪ್ಪೋ?

ಮಂಗಳೂರು: ಬೆಳಿಗ್ಗೆ ಎಂಟು ಗಂಟೆಗೆ ತೊಕ್ಕೊಟ್ಟಿನಲ್ಲಿ ನಿಂತು ಸ್ಟೇಟ್ ಬ್ಯಾಂಕ್ ಕಡೆಗೆ ಹೋಗುವ ಬಸ್ಸನ್ನು ಕಾದವರಿಗೆ ಈ ಲೇಖನದ ಅರ್ಧ ಭಾಗ ಓದದೆಯೇ ತಿಳಿದಿರುತ್ತದೆ. ತಲಪಾಡಿಯಿಂದ ಬರುವ ಬಸ್ಸು ತುಂಬಿಯೇ ಬರುತ್ತದೆ. ಕೊಣಾಜೆಯಿಂದ, ದೇರಳಕಟ್ಟೆಯಿಂದ ಬರುವುದೂ ಹಾಗೆಯೇ. ಕಂಡಕ್ಟರ್ ಮಾತ್ರ "ಉಲಾಯಿ ಬಲೆ, ದುಂಬು ಪೋಲೆ" ಎಂದು ಕರೆಯುತ್ತಲೇ ಇರುತ್ತಾರೆ. ಮುಂದೆ ಹೋಗುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳುವ ಹಾಗಿಲ್ಲ! ಮುಂದಿನ ಬಾಗಿಲಿನಲ್ಲಿ ಹೆಣ್ಣುಮಕ್ಕಳು, ಹಿಂದಿನ ಬಾಗಿಲಿನಲ್ಲಿ ಬ್ಯಾಗು ನೇತುಹಾಕಿಕೊಂಡ ಹುಡುಗರು. ನೇತ್ರಾವತಿ ಸೇತುವೆಯ ಮೇಲೆ ಗಾಳಿ ಬೀಸುವಾಗ ಫುಟ್‌ಬೋರ್ಡಿನಲ್ಲಿ ಒಂದೇ ಕಾಲಿನಲ್ಲಿ ನಿಂತವರನ್ನು ನೋಡಿ ನಮ್ಮ ಎದೆ ಝಲ್ಲೆಂದದ್ದುಂಟು.

ಇದು ಬರೀ ಅನಾನುಕೂಲದ ಮಾತಲ್ಲ. 2023ರ ಆಗಸ್ಟ್‌ನಲ್ಲಿ ನಂತೂರಿನ ಬಳಿ ಚಲಿಸುತ್ತಿದ್ದ ಸಿಟಿ ಬಸ್ಸಿನಿಂದ ಬಿದ್ದು ಯುವ ಕಂಡಕ್ಟರ್ ಒಬ್ಬರು ಪ್ರಾಣ ಕಳೆದುಕೊಂಡರು. ಆಗ ಸಿಟಿ ಬಸ್ಸುಗಳಿಗೆ ಬಾಗಿಲು ಬೇಕೆಂಬ ಕೂಗು ಜೋರಾಯಿತು. ಬಾಗಿಲು ಬೇಕು, ಸಂಶಯವಿಲ್ಲ. ಆದರೆ ಎಂಟು ಮಂದಿ ನಿಂತಿರುವ ಮೆಟ್ಟಿಲಿನ ಮೇಲೆ ಬಾಗಿಲು ಮುಚ್ಚುವುದಾದರೂ ಹೇಗೆ?

ನಮ್ಮ ಜಿಲ್ಲೆಗೆ ಬಸ್ಸು ಹೊಸದಲ್ಲ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಸಿ.ಪಿ.ಸಿ., ಆರಂಭವಾಯಿತು. ಅಂದಿನಿಂದ ಇಂದಿನವರೆಗೂ ಕರಾವಳಿಯಲ್ಲಿ ಬಸ್ಸೆಂದರೆ ಹೆಚ್ಚಾಗಿ ಖಾಸಗಿ ಬಸ್ಸೇ. ಇದರಲ್ಲಿ ಹೆಮ್ಮೆಪಡುವಂಥದ್ದೂ ಇದೆ: ಸರ್ಕಾರಿ ಬಸ್ಸು ಕಾಣದ ಹಳ್ಳಿಗಳಿಗೂ ಖಾಸಗಿಯವರು ಹೋದರು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು. ಆದ್ದರಿಂದ ಎಲ್ಲ ತಪ್ಪನ್ನೂ ಮಾಲೀಕರ ತಲೆಗೆ ಕಟ್ಟುವವರ ಜೊತೆ ನಾವಿಲ್ಲ.

ಹಾಗಾದರೆ ರಶ್ ಯಾಕೆ? "ಬಸ್ಸು ಸಾಲದು" ಎಂಬುದು ಎಲ್ಲರ ಬಾಯಲ್ಲಿ ಬರುವ ಉತ್ತರ. ಆದರೆ ಬೆಳಿಗ್ಗೆ ಹನ್ನೊಂದೂವರೆಗೆ ಅದೇ ಬಸ್ಸಿಗೆ ಹತ್ತಿ ನೋಡಿ. ಕಿಟಕಿ ಬದಿಯ ಸೀಟು ಬೇಕಾದದ್ದನ್ನು ಆರಿಸಿಕೊಳ್ಳಬಹುದು! ಬೆಳಿಗ್ಗೆ ಸುಮಾರು ಒಂದೂವರೆ ಗಂಟೆ, ಸಂಜೆ ಎರಡು ಗಂಟೆ, ಇಷ್ಟು ಹೊತ್ತು ಮಾತ್ರ ಬಸ್ಸು ಒಡೆದುಹೋಗುವಷ್ಟು ಜನ. ಉಳಿದ ಹೊತ್ತು ಡೀಸೆಲ್ ಖರ್ಚೂ ಹುಟ್ಟುವುದು ಕಷ್ಟ ಎಂದು ಮಾಲೀಕರು ಹೇಳುವುದನ್ನು ಪೂರ್ತಿ ಸುಳ್ಳೆನ್ನಲಾಗದು. ಒಂದೂವರೆ ಗಂಟೆಯ ರಶ್‌ಗಾಗಿ ಹೊಸ ಬಸ್ಸು ಖರೀದಿಸಿ, ದಿನವಿಡೀ ಚಾಲಕ, ಕಂಡಕ್ಟರ್‌ಗೆ ಸಂಬಳ ಕೊಡಲು ಯಾರು ಮುಂದೆ ಬರುತ್ತಾರೆ?

ಇನ್ನೊಂದು ಲೆಕ್ಕ ನೋಡೋಣ. ಒಂದು ರೂಟಿನಲ್ಲಿ ಆರು ಬಸ್ಸುಗಳಿವೆ, ಹೋಗಿ ಬರಲು 90 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಆಗ 15 ನಿಮಿಷಕ್ಕೊಂದು ಬಸ್ಸು. ದಾರಿಯುದ್ದಕ್ಕೂ ನಿಮಿಷಕ್ಕೆ ನಾಲ್ವರಂತೆ ಜನ ಸ್ಟಾಪಿಗೆ ಬಂದರೆ ಒಂದು ಬಸ್ಸಿಗೆ 60 ಮಂದಿ. ಈಗ ಪಂಪ್‌ವೆಲ್‌ನಲ್ಲಿ, ಹಂಪನಕಟ್ಟೆಯಲ್ಲಿ, ಕೂಳೂರು ಸೇತುವೆಯ ಬಾಯಲ್ಲಿ ಟ್ರಾಫಿಕ್ ಜಾಮ್ ಆಗಿ ಅದೇ ಸುತ್ತಿಗೆ 120 ನಿಮಿಷ ಹಿಡಿಯಿತು. ಬಸ್ಸು ಒಂದೂ ಕಡಿಮೆಯಾಗಿಲ್ಲ, ಜನ ಒಬ್ಬರೂ ಹೆಚ್ಚಾಗಿಲ್ಲ. ಆದರೂ ಬಸ್ಸು ಬರುವುದು 20 ನಿಮಿಷಕ್ಕೊಮ್ಮೆ, ಹತ್ತುವವರು 80 ಮಂದಿ. ರಶ್ ತಪ್ಪಿಸಲೆಂದು ಸ್ಕೂಟರ್ ಕೊಂಡವರೇ ರಸ್ತೆಯನ್ನು ತುಂಬಿಸಿ, ಬಸ್ಸಿನಲ್ಲಿ ಉಳಿದವರ ರಶ್ಶನ್ನು ಹೆಚ್ಚಿಸುತ್ತಾರೆ. ಇದು ಯಾರನ್ನೂ ದೂರಲು ಹೇಳಿದ್ದಲ್ಲ. ನಮ್ಮಲ್ಲೂ ಸ್ಕೂಟರ್ ಇದೆ.

ಮೂರನೆಯದು ಟೈಮಿಂಗ್. ಕಂಡಕ್ಟರ್, ಚಾಲಕರಿಗೆ ಕಲೆಕ್ಷನ್ ಮೇಲೆ ಕಮಿಷನ್ ಇರುವಲ್ಲಿ ಮುಂದಿನ ಬಸ್ಸಿನ ಜನ ತಮಗೆ ಸಿಗಲಿ ಎಂಬ ಆಸೆ ಸಹಜ. ಹೀಗಾಗಿ ಒಂದು ಸ್ಟಾಪಿನಲ್ಲಿ ಎಳೆಯುತ್ತಾ ನಿಲ್ಲುವುದು, ಹಿಂದಿನದು ಕಂಡ ಕೂಡಲೇ ಹಾರಿ ಓಡುವುದು. ಕೊನೆಗೆ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಎರಡು ಬಸ್ಸು ಬರುತ್ತವೆ. ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ, ಎರಡನೆಯದು ಅರ್ಧ ಖಾಲಿ. ಅವೆರಡೂ ಹೋದ ಮೇಲೆ ಅರ್ಧ ಗಂಟೆ ಬಸ್ಸೇ ಇಲ್ಲ! ಈ ಸ್ಪರ್ಧೆಯೇ ಅಪಘಾತಕ್ಕೂ ಕಾರಣ.

ದಂಡ ಹಾಕಿದರೆ ಸರಿಹೋಗುತ್ತದೆಯೇ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಎ ಕಲಮಿನ ಪ್ರಕಾರ ಹೆಚ್ಚುವರಿ ಪ್ರಯಾಣಿಕನೊಬ್ಬನಿಗೆ 200 ರೂಪಾಯಿ ದಂಡ. ಹೆಚ್ಚಿನವರನ್ನು ಇಳಿಸಿ ಅವರಿಗೆ ಬೇರೆ ವ್ಯವಸ್ಥೆ ಮಾಡುವ ತನಕ ಬಸ್ಸು ಮುಂದೆ ಹೋಗುವಂತಿಲ್ಲ. ಬೇರೆ ವ್ಯವಸ್ಥೆ ಎಂದರೆ ಹಿಂದಿನ ಬಸ್ಸು. ಅದೂ ತುಂಬಿದೆ. ಪರೀಕ್ಷೆಗೆ ಹೊರಟ ಹುಡುಗಿಯನ್ನು ಜೆಪ್ಪಿನಮೊಗರಿನಲ್ಲಿ ಇಳಿಸಿ ಕಾನೂನು ಪಾಲಿಸಿದೆವು ಎಂದರೆ ಯಾರು ಒಪ್ಪುತ್ತಾರೆ?

ಸರ್ಕಾರಿ ಬಸ್ಸಿನ ಮಾತಿಗೆ ಬರೋಣ. ಜೆನರ್ಮ್ ಯೋಜನೆಯಡಿ ಕೆಎಸ್‌ಆರ್‌ಟಿಸಿಯ ನಗರ ಸಾರಿಗೆ ಬಸ್ಸುಗಳು ಮಂಗಳೂರಿಗೂ ಬಂದವು. ಪರ್ಮಿಟ್ ವಿಷಯದಲ್ಲಿ ಖಾಸಗಿಯವರ ಆಕ್ಷೇಪ, ತಕರಾರು, ಎಲ್ಲವೂ ನಡೆಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ನಮ್ಮ ಊರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಹೆಣ್ಣುಮಗಳಿಗೆ? ಅವಳ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು. ಮೈಸೂರಿನ ಅಕ್ಕನಿಗೆ ಉಚಿತ, ಮಂಗಳೂರಿನ ತಂಗಿ ಟಿಕೆಟ್ ಕೊಟ್ಟು ನೇತಾಡಬೇಕು. ಇದನ್ನು ಸರ್ಕಾರ ಎಂದಾದರೂ ಗಂಭೀರವಾಗಿ ಯೋಚಿಸಿದೆಯೇ? ರಾತ್ರಿ ಎಂಟೂವರೆಯ ನಂತರ ಅವಳ ಕಷ್ಟ ಇನ್ನೂ ಹೆಚ್ಚು. ಕಲೆಕ್ಷನ್ ಇಲ್ಲವೆಂದು ಕೊನೆಯ ಟ್ರಿಪ್ ಕಟ್ ಮಾಡುವ ಚಾಳಿ ಕೆಲವು ಬಸ್ಸುಗಳಿಗಿದೆ. ಎರಡು ಬಸ್ಸಿನ ಜನ ಒಂದರಲ್ಲಿ ತುಂಬುತ್ತಾರೆ, ತಪ್ಪಿದವರು ರಿಕ್ಷಾಕ್ಕೆ ದಿನದ ಸಂಬಳದ ಒಂದು ಪಾಲು ಕೊಡುತ್ತಾರೆ. ಪರ್ಮಿಟ್‌ನಲ್ಲಿ ಬರೆದ ಟ್ರಿಪ್ ಓಡಿಸದಿರುವುದು ಷರತ್ತಿನ ಉಲ್ಲಂಘನೆ. ಇಲ್ಲಿ ದಂಡ ಹಾಕಲಿ, ನಾವು ಚಪ್ಪಾಳೆ ತಟ್ಟುತ್ತೇವೆ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ದೇಶಕ್ಕೆ 10,000 ವಿದ್ಯುತ್ ಬಸ್ಸುಗಳು. ಅದರಲ್ಲಿ ನಮಗೆ ಮುಖ್ಯವೆನಿಸಿದ್ದು ವಿದ್ಯುತ್ ಅಲ್ಲ, ಹಣ ಕೊಡುವ ಕ್ರಮ. ಬಸ್ಸು ಓಡಿಸುವವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ. ಜನ ತುಂಬಿದರೂ ಅಷ್ಟೇ, ಖಾಲಿ ಹೋದರೂ ಅಷ್ಟೇ. ಅಲ್ಲಿಗೆ ಓಟದ ಸ್ಪರ್ಧೆಯ ಬೇರೇ ಕತ್ತರಿಸಿಹೋಗುತ್ತದೆ. ಇದನ್ನು ಖಾಸಗಿ ಬಸ್ಸಿಗೆ ಯಾಕೆ ಅನ್ವಯಿಸಬಾರದು? ನಮ್ಮಂತೆಯೇ ಕಡಲ ಕರೆಯ, ನಮ್ಮಂತೆಯೇ ಖಾಸಗಿ ಬಸ್ಸುಗಳ ಊರಾದ ಕೊಚ್ಚಿಯಲ್ಲಿ 2018ರ ಸುಮಾರಿಗೆ ಬಿಡಿ ಬಿಡಿ ಮಾಲೀಕರನ್ನು ಕಂಪೆನಿಗಳಾಗಿ ಒಟ್ಟುಗೂಡಿಸುವ ಪ್ರಯತ್ನ ನಡೆಯಿತು. ಅಂಥದ್ದೊಂದು ಮಾತುಕತೆ ಇಲ್ಲೂ ನಡೆಯಲಿ. ಒಂದು ರೂಟಿನ ಮಾಲೀಕರು ಕಲೆಕ್ಷನ್ ಒಟ್ಟು ಹಾಕಿ ಟ್ರಿಪ್ ಲೆಕ್ಕದಲ್ಲಿ ಹಂಚಿಕೊಂಡರೂ ಸಾಕು, ಅರ್ಧ ಗಲಾಟೆ ಮುಗಿಯುತ್ತದೆ.

ಕೈಗೆಟಕುವ ಕೆಲಸವೂ ಇದೆ. ಬೆಳಗ್ಗಿನ ಹೊತ್ತಿಗೆ ತೊಕ್ಕೊಟ್ಟಿನಿಂದ, ಕೊಟ್ಟಾರ ಚೌಕಿಯಿಂದ ಖಾಲಿ ಹೊರಡುವ ಕೆಲವು ಅರ್ಧದಾರಿಯ ಟ್ರಿಪ್‌ಗಳು ಬೇಕು. ತಲಪಾಡಿಯಲ್ಲೇ ತುಂಬಿದ ಬಸ್ಸಿಗೆ ತೊಕ್ಕೊಟ್ಟಿನವರು ಹತ್ತುವುದು ಹೇಗೆ? ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಮನಸ್ಸು ಮಾಡಿದರೆ ಪರ್ಮಿಟ್ ಬದಲಾವಣೆ ಅಸಾಧ್ಯವೇನಲ್ಲ.

ಕೊನೆಯದು ನಮ್ಮ ಮನೆಯೊಳಗಿನ ಮಾತು. ಬೆಳಿಗ್ಗೆ ಬಸ್ಸಿನಲ್ಲಿ ನೇತಾಡುವ ಮಕ್ಕಳಲ್ಲಿ ಬಹಳ ಮಂದಿ ಹೋಗುವುದು ನಮ್ಮವೇ ಸಂಸ್ಥೆಗಳಿಗೆ. ನಗರದ ನಡುವೆ ಹಂಪನಕಟ್ಟೆಯಿಂದ ಬೆಂದೂರು, ಕಂಕನಾಡಿಯವರೆಗೆ ಧರ್ಮಪ್ರಾಂತ್ಯದ ಹಾಗೂ ಧಾರ್ಮಿಕ ಸಭೆಗಳ ಶಾಲೆ ಕಾಲೇಜುಗಳು ಎಷ್ಟಿವೆ! ಹೆಚ್ಚಿನವುಗಳ ಗಂಟೆ ಬಾರಿಸುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಒಂದು ಕಾಲೇಜು ಎಂಟೂವರೆಗೆ, ಪಕ್ಕದ್ದು ಒಂಬತ್ತಕ್ಕೆ, ಮತ್ತೊಂದು ಒಂಬತ್ತೂವರೆಗೆ ಆರಂಭವಾದರೆ? ಅರ್ಧ ಗಂಟೆ ಎಂದರೆ ಮೇಲಿನ ಲೆಕ್ಕದಲ್ಲಿ ಎರಡು ಬಸ್ಸು. ಅಧ್ಯಾಪಕರಿಗೆ ತೊಂದರೆಯಾದೀತು, ಅಕ್ಕ ತಂಗಿ ಬೇರೆ ಬೇರೆ ಹೊತ್ತಿಗೆ ಹೊರಡಬೇಕಾದೀತು, ಮಧ್ಯಾಹ್ನದ ಬುತ್ತಿಯ ಲೆಕ್ಕ ತಪ್ಪೀತು, ಒಪ್ಪಿದೆವು. ಆದರೆ ಸರ್ಕಾರದ ಒಂದು ಪೈಸೆಯೂ ಬೇಡದ ಉಪಾಯ ಇದೊಂದೇ. ಹತ್ತು ಮಂದಿ ಪ್ರಾಂಶುಪಾಲರು ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ತೀರ್ಮಾನಿಸಬಹುದಾದ ಸಂಗತಿ. ಹೊಸ ವರ್ಷದ ವೇಳಾಪಟ್ಟಿ ತಯಾರಾಗುವುದು ಬೇಸಿಗೆ ರಜೆಯಲ್ಲಿ. ಜೂನ್ ಬಂದರೆ ಮಳೆಯೂ ಸುರಿಯುತ್ತದೆ, ಬಸ್ಸಿನ ಮೆಟ್ಟಿಲೂ ಜಾರುತ್ತದೆ.